ಒಂದೂ ಕಿಂಡಿಯಿಲ್ಲದ ಹೆರಿಗೆ ಆಸ್ಪತ್ರೆ

ಇಟ್ಟಿಗೆ, ಗಾರೆ, ಕಾಂಕ್ರೀಟಿನಿಂದ ಕಟ್ಟಿದ ಕಟ್ಟಡಕ್ಕೆ ಬೆಂಕಿ ತಗಲುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಹೊರಗಿನ ಸೆಕೆ ಒಳಗೆ ಹೋಗುವುದಿಲ್ಲ, ಒಳಗಿನ ಸದ್ದು ಹೊರಗೆ ಬರುವುದಿಲ್ಲ, ಮತ್ತು ಅದು ಕಟ್ಟಿದವರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಇವು ಗಟ್ಟಿ ಕಟ್ಟಡ ಅಭಿಯಾನದ ಐದು ಪ್ರಯೋಜನಗಳು. ಇವುಗಳಲ್ಲಿ ಒಂದಕ್ಷರವೂ ಸುಳ್ಳಲ್ಲವೆಂಬುದನ್ನು ನಮ್ಮ ಕಚೇರಿಯು ಹೊಸ ಹೆರಿಗೆ ಆಸ್ಪತ್ರೆಯನ್ನು ಕಟ್ಟಿ ನಿರೂಪಿಸಿತು. ಆ ಆಸ್ಪತ್ರೆಗೆ ಬಾಗಿಲು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲವರು ಅದೊಂದನ್ನೇ ದೊಡ್ಡದು ಮಾಡುತ್ತಾರೆ.

ನಾನು ಆ ಕಚೇರಿಯ ವರದಿ ಗುಮಾಸ್ತ. ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನ್ನ ಕೆಲಸವಲ್ಲ; ನಡೆಯಬೇಕಾದದ್ದು ನಡೆದಿದೆ ಎಂದು ಬರೆಯುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ, ಯಾರೂ ದೂರಿಲ್ಲ. ಈ ಪ್ರಕರಣದಲ್ಲಿ ಮಾತ್ರ ಎರಡನ್ನೂ ಸೇರಿಸಿ ಬರೆಯಬೇಕೆನಿಸಿದೆ.

ಅಭಿಯಾನದ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಗಟ್ಟಿ ಸಾಹೇಬರು ಎನ್ನುತ್ತೇವೆ. ಯಾರ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಗೋಡೆ ಬಡಿದು, ಕಿವಿಯಿಟ್ಟು ಕೇಳಿ, ಆಮೇಲೆ ಮನೆಯವರ ಕ್ಷೇಮ ವಿಚಾರಿಸುವುದು ಅವರ ರೂಢಿ. ಅವರು ಅಧಿಕಾರ ವಹಿಸಿಕೊಂಡ ವಾರದಲ್ಲೇ ಸುತ್ತೋಲೆ ಹೊರಟಿತು: “ಮರಮುಟ್ಟು ಸುಡುತ್ತದೆ, ಕೊಳೆಯುತ್ತದೆ, ಹುಳ ಹಿಡಿಯುತ್ತದೆ. ಆದ್ದರಿಂದ ಇನ್ನು ಮುಂದೆ ಕಚೇರಿಯ ಯಾವ ಕಟ್ಟಡದಲ್ಲಿಯೂ ಮರವನ್ನು ಬಳಸತಕ್ಕದ್ದಲ್ಲ.” ಅದರಂತೆ ಮರಗೆಲಸ ವಿಭಾಗವನ್ನು ಮುಚ್ಚಲಾಯಿತು. ಅಲ್ಲಿದ್ದ ಇಬ್ಬರು ಬಡಗಿಗಳನ್ನು ಗೋಡೆಗೆ ನೀರು ಹಾಯಿಸುವ ಕೆಲಸಕ್ಕೆ ಹಾಕಲಾಯಿತು. ನಿಲ್ಲಿಸಿ ಎಂಬ ಆದೇಶ ಬಾರದ ಕಾರಣ ಅವರು ಈಗಲೂ ಹಾಯಿಸುತ್ತಿದ್ದಾರೆ. ನಮ್ಮ ಕಚೇರಿಯ ಕಾಂಪೌಂಡ್ ಗೋಡೆಗೆ ಈಗ ಪಾಚಿ ಹತ್ತಿದೆ, ಆದರೆ ಗಟ್ಟಿಯಾಗಿದೆ.

ಆಸ್ಪತ್ರೆಯನ್ನು ಕಟ್ಟಿದವನು ಮೇಸ್ತ್ರಿ. ಮೂವತ್ತೆಂಟು ವರ್ಷ ಕರಣಿ ಹಿಡಿದ ಕೈ. ಅವನಿಗೆ ಒಬ್ಬಳೇ ಮಗಳು, ಆಗ ಬಸುರಿ, ಆರು ತಿಂಗಳು. ಅದರ ಹಿಂದಿನ ವರ್ಷ ಮೊದಲ ಹೆರಿಗೆಗೆಂದು ಅವಳನ್ನು ದೊಡ್ಡ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೊರಟಿದ್ದರು. ಅದು ಎರಡು ಗಂಟೆಯ ದಾರಿ. ಮಗು ದಾರಿಯಲ್ಲೇ ಹುಟ್ಟಿತು, ದಾರಿಯಲ್ಲೇ ಹೋಯಿತು. ಮಗಳೂ ಸ್ವಲ್ಪದರಲ್ಲಿ ಉಳಿದಳು. ಅದಾದ ಮೇಲೆ ಮೇಸ್ತ್ರಿ ನಮ್ಮ ಕಚೇರಿಗೆ ಹನ್ನೊಂದು ಸಲ ಅಲೆದು, ಊರಿಗೊಂದು ಹೆರಿಗೆ ಕೋಣೆ ಬೇಕು ಎಂದು ಅರ್ಜಿ ಕೊಟ್ಟ. ಮಂಜೂರಾದಾಗ ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. ಕೆಲಸವನ್ನೂ ಅವನಿಗೇ ಕೊಟ್ಟರು. ಗಾರೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಮರಳು ಎಂಬುದು ಲೆಕ್ಕ. ಅವನು ಒಂದಕ್ಕೆ ಮೂರು ಕಲಸಿದ. “ನನ್ನ ಮಗಳು ಮಲಗೋ ಜಾಗ ಸರ್, ಇರಲಿ,” ಎಂದ.

ಗೋಡೆ ಮೊಣಕಾಲೆತ್ತರಕ್ಕೆ ಬಂದ ದಿನ ಅವನು ನಮ್ಮ ಕಚೇರಿಯ ಇಂಜಿನಿಯರನ್ನು ಕೇಳಿದ:

“ಸರ್, ಬಾಗಿಲು ಎಲ್ಲಿ ಬರುತ್ತೆ?”

“ಚೌಕಟ್ಟು ಬಂದಿದೆಯಾ?”

“ಇಲ್ಲ ಸರ್. ಮರದ್ದು ಕೊಡಲ್ಲ ಅಂದ್ರು.”

“ಮತ್ತೆ? ಚೌಕಟ್ಟು ನಿಲ್ಲಿಸದೆ ನೀನು ಯಾವತ್ತಾದರೂ ಗೋಡೆ ಎಬ್ಬಿಸಿದ್ದೀಯಾ?”

ಇದು ನಿಜ. ಮೊದಲು ಚೌಕಟ್ಟು ನಿಲ್ಲಿಸಿ, ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೇರ ನೋಡಿ, ಅದರ ಎರಡೂ ಮಗ್ಗುಲಿಗೆ ಗೋಡೆ ಕೂಡಿಸಿಕೊಂಡು ಹೋಗುವುದೇ ಮೇಸ್ತ್ರಿಯ ಕೆಲಸದ ರೀತಿ. ಮೂವತ್ತೆಂಟು ವರ್ಷದಲ್ಲಿ ಅವನು ಬಾಗಿಲನ್ನು ತಾನೇ ಬಿಟ್ಟವನಲ್ಲ. ಬಂದ ಚೌಕಟ್ಟಿನ ಸುತ್ತ ಕಟ್ಟಿದವನು. ಅವನು ತಲೆ ಕೆರೆದುಕೊಂಡ.

“ಕಬ್ಬಿಣದ್ದಾದರೂ ತರಿಸಿ ಸರ್.”

“ಕಬ್ಬಿಣದ ಬಾಗಿಲಿಗೆ ಉಗ್ರಾಣದವರು ಅಳತೆ ಕೇಳ್ತಾರೆ. ಇಲ್ಲದ ಬಾಗಿಲಿನ ಅಳತೆ ನಾನು ಎಲ್ಲಿಂದ ತರಲಿ?”

“ಹಾಗಾದ್ರೆ ಮೂರೂವರೆ ಅಡಿ ಖಾಲಿ ಬಿಟ್ಕೊಂಡು ಕಟ್ಟಿರ್ತೀನಿ. ಆಮೇಲೆ ಏನಾದ್ರೂ ಹಾಕ್ಕೊಳ್ಳಿ.”

ಇಂಜಿನಿಯರು ಬ್ಯಾಗಿನಿಂದ ತಪಾಸಣಾ ಪುಸ್ತಕ ತೆಗೆದು ಒಂಬತ್ತನೇ ಪುಟ ಓದಿದರು: “ಗೋಡೆಯಲ್ಲಿ ಸಂದು, ಬಿರುಕು, ತೂತು ಅಥವಾ ಕಿಂಡಿ ಕಂಡುಬಂದಲ್ಲಿ ಕಾಮಗಾರಿಯನ್ನು ತಿರಸ್ಕರಿಸತಕ್ಕದ್ದು.” ಪುಸ್ತಕ ಮುಚ್ಚಿ, “ಬೆರಳು ತೂರೋವಷ್ಟು ಸಂದಿದ್ದರೇ ನನ್ನನ್ನ ಹರಿದು ತಿಂತಾರೆ. ನೀನು ಆಳು ತೂರೋವಷ್ಟು ಬಿಡ್ತೀನಿ ಅಂತೀಯಲ್ಲ!” ಎಂದರು. ಆಮೇಲೆ ಅವರಿಗೂ ಮರುಕ ಬಂದಿರಬೇಕು. “ಈಗ ಕಟ್ಟಿಬಿಡು ಮಾರಾಯ. ತಪಾಸಣೆ ಮುಗಿದ ಮೇಲೆ ಒಡೆದು ಬಾಗಿಲು ಮಾಡೋಣ. ನನ್ನ ಮಾತಿನ ಮೇಲೆ ನಂಬಿಕೆಯಿಲ್ವಾ?”

ಮೇಸ್ತ್ರಿಗೆ ನಂಬಿಕೆಯಿತ್ತು. ಕಟ್ಟಿದ.

ಕಿಟಕಿಗಳ ಗತಿಯೂ ಹೀಗೇ ಆಯಿತು. ಹೆರಿಗೆ ಮಾಡಿಸುವ ಕಬ್ಬಿಣದ ಮೇಜು, ಔಷಧಿ ತುಂಬಿದ ಗಾಜಿನ ಬೀರು ಎರಡೂ ವರ್ಷದ ಕೊನೆಯೊಳಗೆ “ಆಸ್ಪತ್ರೆಯ ಒಳಗೆ” ಇರಬೇಕೆಂಬ ಆದೇಶವಿತ್ತು. ಆದ್ದರಿಂದ ಅವುಗಳನ್ನು ಗೋಡೆಯ ಮೇಲಿಂದ ಹಗ್ಗ ಕಟ್ಟಿ ಇಳಿಸಲಾಯಿತು. ಬೀರುವನ್ನು ಪೂರ್ವದ ಗೋಡೆಯಿಂದ ಒಂದು ಮೊಳ ದೂರದಲ್ಲಿ, ಗಾಜಿನ ಮುಖ ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದವನು ಮೇಸ್ತ್ರಿಯೇ. ಛಾವಣಿಯ ಮೋಲ್ಡ್ ಹಾಕುವಾಗ ಕಾಂಕ್ರೀಟು ಸಿಡಿದು ಗಾಜು ಕೆಡಬಾರದೆಂದು ಹಾಗೆ ಮಾಡಿದ. ಬಳಿಕ ಮೇಲ್ಛಾವಣಿ ಹಾಕಲಾಯಿತು. ಅದನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದ ಸೆಂಟ್ರಿಂಗ್ ತಗಡುಗಳನ್ನು ತೆಗೆಯಬೇಕಾದರೆ ಒಳಗೆ ಹೋಗಬೇಕು. ಅವು ಅಲ್ಲೇ ಇದ್ದರೆ ಛಾವಣಿ ಇನ್ನೂ ಗಟ್ಟಿ ಎಂದು ಸಾಹೇಬರು ಷರಾ ಬರೆದರು. ತಗಡಿನ ಮಾಲೀಕ ಒಂದು ದಿನ ಬಂದು ಗೋಡೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದು ಹೋದ.

ತಪಾಸಣೆಯಲ್ಲಿ ಆಸ್ಪತ್ರೆಗೆ ನೂರಕ್ಕೆ ನೂರು ಬಂತು. ಸಂದು: ಇಲ್ಲ. ಬಿರುಕು: ಇಲ್ಲ. ಮರ: ಇಲ್ಲ. ಒಳಗೋಡೆಯ ಗಾರೆ: ತೃಪ್ತಿಕರ.

“ಒಳಗೆ ನೋಡಿದಿರಾ ಸರ್?” ಎಂದು ನಾನು ಬರೆದುಕೊಳ್ಳುತ್ತ ಕೇಳಿದೆ.

“ಅತೃಪ್ತಿಕರ ಅನ್ನೋದಕ್ಕೆ ನಿಮ್ಮ ಹತ್ತಿರ ಏನಾದರೂ ಆಧಾರ ಇದೆಯಾ?” ಎಂದರು ಇಂಜಿನಿಯರು.

ಇರಲಿಲ್ಲ. ಬರೆದುಕೊಂಡೆ.

ಇನ್ನು ಒಡೆಯುವ ಮಾತು. ಹೊಸ ಗೋಡೆ ಇಪ್ಪತ್ತೆಂಟು ದಿನ ಹಸಿ, ಅಲ್ಲಿಯವರೆಗೆ ಅದಕ್ಕೆ ಉಳಿ ತಾಗಿಸಕೂಡದು. ಇಪ್ಪತ್ತೆಂಟನೆಯ ದಿನ ಉದ್ಘಾಟನೆ. ಉದ್ಘಾಟನೆಯಾದ ಮೇಲೆ ಅದು ಸಾರ್ವಜನಿಕ ಆಸ್ತಿ, ಆಗಲೂ ಉಳಿ ತಾಗಿಸಕೂಡದು. ನಡುವೆ ಸುಮಾರು ನಲವತ್ತು ನಿಮಿಷದ ಅವಕಾಶವಿತ್ತು. ಆಗ ಸಾಹೇಬರು ಭಾಷಣ ಮಾಡುತ್ತಿದ್ದರು. ಭಾಷಣದ ನಡುವೆ ಸುತ್ತಿಗೆಯ ಸದ್ದು ಚೆನ್ನಾಗಿರುವುದಿಲ್ಲ.

ರಿಬ್ಬನ್ನು ಎಲ್ಲಿ ಕಟ್ಟುವುದೆಂಬ ಪ್ರಶ್ನೆ ಬಂದದ್ದರಿಂದ ಹಿಂದಿನ ದಿನ ಪೇಂಟರನ್ನು ಕರೆಸಿ ಗೋಡೆಯ ಮೇಲೆ ಒಂದು ಬಾಗಿಲು ಬರೆಸಿದ್ದೆವು. “ಮರದ ಬಣ್ಣ ಹೊಡೀಲಾ?” ಎಂದು ಅವನು ಕೇಳಿದ. ಮರಕ್ಕೆ ನಿಷೇಧವಿದೆ ಎಂದು ಇಂಜಿನಿಯರು ಹೇಳಿದ್ದರಿಂದ ಬೂದು ಬಣ್ಣ ಹೊಡೆದ. ಒಳ್ಳೆಯ ಕೆಲಸಗಾರ; ಹಿಡಿ, ಚಿಲಕ, ಬೀಗ, ಬೀಗದ ತೂತು ಎಲ್ಲವನ್ನೂ ಬರೆದ. ಮುಖ್ಯ ಅತಿಥಿಗಳು ರಿಬ್ಬನ್ನು ಕತ್ತರಿಸಿದರು. “ದಯಮಾಡಿ ಒಳಗೆ ಬರಬೇಕು,” ಎಂದು ಮೈಕಿನಲ್ಲಿದ್ದವರು ಅಭ್ಯಾಸಬಲದಿಂದ ಹೇಳಿಬಿಟ್ಟರು. ಅತಿಥಿಗಳು ಒಂದು ಹೆಜ್ಜೆ ಮುಂದಿಟ್ಟು, ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತು, “ತಣ್ಣಗಿದೆ,” ಎಂದರು. ಜೋರಾಗಿ ಚಪ್ಪಾಳೆ ಬಿತ್ತು.

ಈ ಆಸ್ಪತ್ರೆಗೆ ನೇಮಕವಾಗಿದ್ದವರು ಒಬ್ಬರೇ ಸಿಸ್ಟರ್. ಅಲ್ಲಿಯವರೆಗೆ ಅವರು ಬಸ್ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಬಸುರಿಯರನ್ನು ನೋಡುತ್ತಿದ್ದರು. ಅಂದು ಸಂಜೆ ಅವರಿಗೆ ಕಟ್ಟಡವನ್ನು ವಹಿಸಿಕೊಡುವ ಶಾಸ್ತ್ರ ನಡೆಯಿತು. ನಾನು ರಿಜಿಸ್ಟರು ತೆರೆದು, “ಕಟ್ಟಡ ಒಂದು, ಮೇಜು ಒಂದು, ಬೀರು ಒಂದು, ಬೀಗ ಒಂದು, ಕೀಲಿಕೈ ಒಂದು. ಸಹಿ ಮಾಡಿ,” ಎಂದೆ.

“ಕೀಲಿಕೈ ಎಲ್ಲಿ?”

“ಬೀಗ ಇದ್ದ ಮೇಲೆ ಕೀಲಿಕೈ ಇರಲೇಬೇಕಲ್ಲ ಸಿಸ್ಟರ್. ನಮೂನೆಯಲ್ಲಿ ಎರಡೂ ಜೊತೆಗೇ ಬರುತ್ತವೆ.”

ಅವರು ನನ್ನ ಮುಖವನ್ನೇ ನೋಡಿದರು. ಸಹಿ ಮಾಡದಿದ್ದರೆ ತಿಂಗಳ ಸಂಬಳ ಆಗುವುದಿಲ್ಲ. ಮಾಡಿದರು.

ಮರುದಿನದಿಂದ ಅವರು ಗೋಡೆಯ ನೆರಳಿನಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರು. ಹೊಟ್ಟೆ ಮುಟ್ಟಿ ನೋಡಲು, ಧೈರ್ಯ ಹೇಳಲು ನೆರಳು ಸಾಕು. ಉಳಿದದ್ದೆಲ್ಲ ಒಳಗಿತ್ತು. ಮೊದಲ ತಿಂಗಳ ವರದಿಯನ್ನು ನಾನೇ ತಯಾರಿಸಿದೆ: ಆಸ್ಪತ್ರೆಯೊಳಗೆ ಸತ್ತವರು ಶೂನ್ಯ, ಸೋಂಕು ಶೂನ್ಯ, ಔಷಧಿ ಕಳವು ಶೂನ್ಯ, ರೋಗಿಗಳ ದೂರು ಶೂನ್ಯ. ಇಂಥ ಅಂಕಿಗಳು ನಮ್ಮ ಕಚೇರಿಯ ಚರಿತ್ರೆಯಲ್ಲೇ ಬಂದಿರಲಿಲ್ಲ. ಸಾಹೇಬರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದುಕೊಂಡರು. ಚೌಕಟ್ಟು ಮರದ್ದಾಗುವುದರಿಂದ ಕೈಬಿಟ್ಟು, ಅಂಟಿಸಿದರು.

ಸಿಸ್ಟರ್ ಮಾತ್ರ ಸುಮ್ಮನಿರಲಿಲ್ಲ. ಬಾಗಿಲು ಒಡೆಸಿಕೊಡಿ ಎಂದು ಸಾಹೇಬರ ಮುಂದೆ ಬಂದು ನಿಂತರು.

“ಬಾಗಿಲಿರೋ ಆಸ್ಪತ್ರೆಗಳ ಅಂಕಿಅಂಶ ನೋಡಿದ್ದೀರಾ ಸಿಸ್ಟರ್?” ಎಂದರು ಸಾಹೇಬರು, ಮೇಜಿನ ಹಿಂದಿನ ಗೋಡೆ ಬಡಿಯುತ್ತ. “ಜನ ಒಳಗೆ ಹೋಗ್ತಾರೆ, ಸಾಯ್ತಾರೆ. ನಮ್ಮಲ್ಲಿ ಒಬ್ಬರಾದರೂ ಸತ್ತಿದ್ದಾರಾ?”

“ಒಬ್ಬರಾದರೂ ಒಳಗೆ ಹೋಗಿದ್ದಾರಾ ಸರ್?”

“ಅದೇ ನಾನು ಹೇಳ್ತಿರೋದು.”

ಮೇಸ್ತ್ರಿಯೂ ಬಂದ. ಮಗಳಿಗೆ ಎಂಟು ತಿಂಗಳು ತುಂಬಿತ್ತು. ಕೊಟ್ಟ ಮಾತನ್ನು ನೆನಪಿಸಿದಾಗ ಇಂಜಿನಿಯರು, “ನಾನು ಇಲ್ಲ ಅಂದೆನಾ? ಒಡೆಯೋ ಅರ್ಜಿಗೆ ಕಟ್ಟಡದಲ್ಲಿ ದೋಷ ಇದೆ ಅಂತ ತಪಾಸಣಾ ವರದಿ ಬೇಕು. ನಿನ್ನ ಕಟ್ಟಡಕ್ಕೆ ನೂರಕ್ಕೆ ನೂರು ಬಂದಿದೆ. ನೀನು ಸ್ವಲ್ಪ ಕೆಟ್ಟದಾಗಿ ಕಟ್ಟಿದ್ದರೆ ಅನುಕೂಲ ಆಗ್ತಿತ್ತು,” ಎಂದರು. ಮೇಸ್ತ್ರಿ ತನ್ನ ಕೈಗಳನ್ನು ತಾನೇ ತಿರುಗಿಸಿ ನೋಡಿಕೊಂಡು ಹೊರಟುಹೋದ.

ನೋವು ಬಂದದ್ದು ಹಗಲು ಹನ್ನೊಂದು ಗಂಟೆಗೆ, ಲೆಕ್ಕ ಹಾಕಿದ ದಿನಕ್ಕಿಂತ ಹತ್ತು ದಿನ ಮುಂಚೆ. ಮಗಳು ಬಸ್ಸು ಹತ್ತುವುದಿಲ್ಲವೆಂದು ಹಟ ಹಿಡಿದಳು. “ಸತ್ತರೂ ಬಸ್ಸಲ್ಲಿ ಬೇಡ ಅಪ್ಪಾ,” ಎಂದಳಂತೆ. ಸಿಮೆಂಟಿನ ಮೂಟೆ ಸಾಗಿಸುವ ತಳ್ಳುಗಾಡಿಯಲ್ಲಿ ಹಾಸಿಗೆ ಹಾಸಿ, ಅಳಿಯ ಮುಂದೆ ಎಳೆದು ಮಾವ ಹಿಂದೆ ತಳ್ಳಿ, ಅವಳನ್ನು ಆಸ್ಪತ್ರೆಯ ಗೋಡೆಯ ಹತ್ತಿರ ತಂದರು. ಸಿಸ್ಟರ್ ಸೀರೆಗಳ ಮರೆ ಕಟ್ಟಿಸಿ, ಮರೆಯೊಳಗೆ ಹೋಗಿ ನೋಡಿ ಬಂದು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು.

“ಮಗು ಸರಿಯಾಗಿದೆ, ಇಲ್ಲೇ ಆಗುತ್ತೆ. ಆದರೆ ಹೋದ ಸಲ ರಕ್ತ ನಿಂತಿರಲಿಲ್ಲವಂತೆ. ಈ ಸಲವೂ ಹಾಗೇ ಆದರೆ ಸೂಜಿಮದ್ದು ಬೇಕು. ನೀಲಿ ಡಬ್ಬಿ. ಬೀರುವಿನ ಎರಡನೇ ಅರೆಯಲ್ಲಿದೆ.”

ಮೇಸ್ತ್ರಿ ಪೂರ್ವದ ಗೋಡೆಯ ಹತ್ತಿರ ಹೋಗಿ, ಮೂಲೆಯಿಂದ ಅಳೆದು, ಎದೆಯೆತ್ತರದಲ್ಲಿ ಒಂದು ಗೆರೆ ಎಳೆದು, ಉಳಿ ಇಟ್ಟು ಸುತ್ತಿಗೆ ಹೊಡೆದ. ಬೂದಿಯಷ್ಟು ಪುಡಿ ಉದುರಿತು. ಒಂದಕ್ಕೆ ಮೂರು ಕಲಸಿದ ಗಾರೆ, ಇಬ್ಬರು ಬಡಗಿಗಳು ಎರಡು ತಿಂಗಳು ನೀರು ಹಾಯಿಸಿದ ಗೋಡೆ.

ಅಷ್ಟರಲ್ಲಿ ಅಲ್ಲಿಗೆ ಹೋಗಿದ್ದ ನಾನು ಅನುಮತಿ ತರುತ್ತೇನೆಂದು ಕಚೇರಿಗೆ ಓಡಿದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಓಡಿದ್ದು ಅದೊಂದೇ ಸಲ. ಸಾಹೇಬರು ಸಮಾಧಾನದಿಂದ ಕೇಳಿಸಿಕೊಂಡರು.

“ಗೋಡೆ ಯಾಕೆ ಒಡೀಬೇಕು? ಸಿಸ್ಟರ್ ಹತ್ತಿರ ಕೀಲಿಕೈ ಇದೆಯಲ್ಲ?”

“ಸರ್, ಅದು ಗೋಡೆ ಮೇಲೆ ಬರೆದ ಬೀಗ.”

“ಕೀಲಿಕೈ ತಗೊಂಡಿದ್ದೀನಿ ಅಂತ ಬರೆದುಕೊಟ್ಟಿದ್ದಾರೋ ಇಲ್ಲವೋ? ರಿಜಿಸ್ಟರು ಬರೆದವರು ಯಾರು?”

“ನಾನೇ ಸರ್.”

“ಮತ್ತೆ?”

ನನಗೆ ನಾಚಿಕೆಯಾಯಿತು. ನಾಚಿಕೆಗೆ ನಮೂನೆಯಲ್ಲಿ ಕಲಂ ಇಲ್ಲ, ಆದರೂ ಆಯಿತು. ಬರಿಗೈಯಲ್ಲಿ ವಾಪಸು ಬಂದೆ.

ಒಂದೂ ಮುಕ್ಕಾಲಿಗೆ ಹೆಣ್ಣುಮಗು ಹುಟ್ಟಿತು. ಅತ್ತಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮರೆಯ ಹಿಂದಿನಿಂದ ಸಿಸ್ಟರ್ ಕೂಗಿದರು: “ಮೇಸ್ತ್ರೀ, ಎಷ್ಟಾಯ್ತು?”

“ಇನ್ನೊಂದು ಇಟ್ಟಿಗೆ!”

“ಬೇಗ!”

ಮೇಸ್ತ್ರಿಯ ಅಂಗೈ ಒಡೆದು ಸುತ್ತಿಗೆಯ ಹಿಡಿ ಕೆಂಪಾಗಿತ್ತು. ಬೈಯುತ್ತಿದ್ದ. ಇಂಜಿನಿಯರನ್ನಲ್ಲ, ಸಾಹೇಬರನ್ನಲ್ಲ, ತನ್ನ ಗಾರೆಯನ್ನು, ತನ್ನ ಕೈಗುಣವನ್ನು, ಇಂಥ ಗೋಡೆ ಕಟ್ಟಿದವನ ವಂಶವನ್ನು ಬಾಯಿಗೆ ಬಂದಂತೆ ಬೈಯುತ್ತ ಹೊಡೆಯುತ್ತಿದ್ದ. ಕೊನೆಯ ಇಟ್ಟಿಗೆ ಒಳಕ್ಕೆ ಬಿದ್ದು ಬೀರುವಿನ ಗಾಜು ಒಡೆದ ಸದ್ದು ಕೇಳಿಸಿತು. ಅವನು ಭುಜದ ತನಕ ಕೈ ತೂರಿಸಿ, ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡು ತಡಕಿ, ನೀಲಿ ಡಬ್ಬಿ ತೆಗೆದ. ಕೈಗೆ ಗಾಜು ಚುಚ್ಚಿತ್ತು, ಅವನಿಗೆ ಗೊತ್ತಿರಲಿಲ್ಲ.

ಸೂಜಿ ಕೊಟ್ಟ ಮೇಲೆ ರಕ್ತ ನಿಂತಿತು. ಮಗಳು ಉಳಿದಳು. ಮೇಸ್ತ್ರಿ ತಳ್ಳುಗಾಡಿಯ ಚಕ್ರಕ್ಕೆ ಒರಗಿ ಕೂತು, ಮೊಮ್ಮಗಳನ್ನು ಎತ್ತಿಕೊಳ್ಳೆಂದರೆ, “ಕೈಯೆಲ್ಲ ಗಾರೆ, ಬೇಡ,” ಎಂದು ಅತ್ತುಬಿಟ್ಟ.

ನಾಲ್ಕು ಗಂಟೆಗೆ ಸಾಹೇಬರು ಬಂದರು. ಮೊದಲು ಗೋಡೆ ಬಡಿದು ಕೇಳಿದರು. ಆಮೇಲೆ ಸಿಸ್ಟರನ್ನು ಕೇಳಿದರು: “ಈ ಮದ್ದು ಸೆಕೆಗೆ ಕೆಡುತ್ತಂತೆ, ಹೌದಾ?”

“ಹೌದು ಸರ್.”

“ಎರಡು ತಿಂಗಳ ಬಿಸಿಲಿಗೂ ಕೆಟ್ಟಿಲ್ಲ. ಯಾಕೆ?”

ಉತ್ತರ ಸಾಹೇಬರಿಗೇ ಗೊತ್ತಿತ್ತು: ಮೂರನೆಯ ಪ್ರಯೋಜನ, ಹೊರಗಿನ ಸೆಕೆ ಒಳಗೆ ಹೋಗುವುದಿಲ್ಲ. ತಾಯಿಯ ಜೀವ ಉಳಿಸಿದ್ದು ಗೋಡೆ ಎಂದು ಅಂದೇ ಪ್ರಕಟಣೆ ಹೊರಟಿತು. ಆವರಣದಲ್ಲಿ ಆದ ಹೆರಿಗೆಯೂ ಆಸ್ಪತ್ರೆಯ ಹೆರಿಗೆಯೇ ಎಂದು ಇನ್ನೊಂದು ಆದೇಶ ಹೊರಡಿಸಿದ್ದರಿಂದ, ನಮ್ಮ ಊರಿನ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತಿವೆ ಎಂಬ ಅಂಕಿಯೂ ಸಿಕ್ಕಿತು. ಮೇಸ್ತ್ರಿಗೆ ನೋಟೀಸು ಹೋಯಿತು: ಸಾರ್ವಜನಿಕ ಗೋಡೆಯಲ್ಲಿ ಹನ್ನೊಂದು ಅಂಗುಲ ಅಗಲ, ಒಂಬತ್ತು ಅಂಗುಲ ಎತ್ತರದ ಕಿಂಡಿ ಮಾಡಿದ್ದೀರಿ, ಮೂರು ದಿನದೊಳಗೆ ಮುಚ್ಚತಕ್ಕದ್ದು, ತಪ್ಪಿದಲ್ಲಿ ಇನ್ನು ಮುಂದೆ ಯಾವ ಕೆಲಸವನ್ನೂ ಕೊಡಲಾಗುವುದಿಲ್ಲ.

ಮುಚ್ಚುವ ದಿನ ಮೇಲ್ವಿಚಾರಣೆಗೆ ನನ್ನನ್ನೇ ಕಳಿಸಿದ್ದರು. ಸಿಸ್ಟರ್ ಕಿಂಡಿಯ ಮುಂದೆ ನಿಂತಿದ್ದರು.

“ಇದೊಂದನ್ನ ಬಿಡಿ ಮೇಸ್ತ್ರಿ. ಕೈಯಾದರೂ ಹೋಗುತ್ತೆ.”

“ಮುಚ್ಚದಿದ್ರೆ ಕೆಲಸ ಇಲ್ಲ ಅಂತಾರೆ ಸಿಸ್ಟರ್. ಈಗ ಮನೇಲಿ ಇನ್ನೊಂದು ಹೊಟ್ಟೆ ಇದೆ.”

ಅವನು ಗಾರೆ ಕಲಸುವ ಮೊದಲು ಕಿಂಡಿಯೊಳಗೆ ಕೈ ಹಾಕಿ, ಕೈಗೆ ಎಟುಕಿದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು ಸಿಸ್ಟರ ಚೀಲಕ್ಕೆ ಹಾಕಿದ. ಎಂಟು ನೀಲಿ, ಆರು ಬಿಳಿ. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಬೀರುವಿನಲ್ಲಿನ ಔಷಧಿ: ತೃಪ್ತಿಕರ, ಎಂದು ಬರೆದುಕೊಂಡೆ. ಅತೃಪ್ತಿಕರ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಮೇಸ್ತ್ರಿ ಇಟ್ಟಿಗೆ ಕೂಡಿಸಿ, ಗಾರೆ ಮೆತ್ತಿ, ರಸಮಟ್ಟ ಇಟ್ಟು ನೋಡಿದ. ಎಲ್ಲಿ ಒಡೆದಿತ್ತೆಂದು ಈಗ ಹುಡುಕಿದರೂ ಸಿಗುವುದಿಲ್ಲ.

ಆ ವರ್ಷದ ಅತ್ಯುತ್ತಮ ಆಸ್ಪತ್ರೆ ಎಂಬ ಪ್ರಶಸ್ತಿ ನಮಗೆ ಬಂತು. ಸಿಸ್ಟರಿಗೂ ಒಂದು ಶಾಲು ಹೊದಿಸಿದರು. ಕೀಲಿಕೈಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಕ್ಕೆ ಎಂದು ಪತ್ರದಲ್ಲಿತ್ತು. ಇದೇ ಮಾದರಿಯಲ್ಲಿ ಇನ್ನೂ ಹತ್ತು ಆಸ್ಪತ್ರೆ ಕಟ್ಟಬೇಕೆಂದು ಆದೇಶವಾಯಿತು, ಅನುಭವಿಯೆಂದು ಮೇಸ್ತ್ರಿಗೇ ಎಲ್ಲವನ್ನೂ ಕೊಟ್ಟರು.

ಎರಡನೆಯ ಆಸ್ಪತ್ರೆಯ ಗೋಡೆ ಮೊಣಕಾಲೆತ್ತರಕ್ಕೆ ಬಂದ ದಿನ ನಾನೂ ಅಲ್ಲಿದ್ದೆ. ಇಂಜಿನಿಯರು ತಪಾಸಣಾ ಪುಸ್ತಕವನ್ನು ಒಂಬತ್ತನೇ ಪುಟಕ್ಕೆ ತೆರೆದು ಹಿಡಿದೇ ನಿಂತಿದ್ದರು. ಮೇಸ್ತ್ರಿ ಹತ್ತಿರ ಬಂದ. ಬಾಗಿಲಿನ ಮಾತನ್ನೇ ಎತ್ತಲಿಲ್ಲ.

“ಸರ್, ಬೀರು ಯಾವ ಗೋಡೆಗೆ ಇಡ್ತೀರಿ?”

“ಅದ್ಯಾಕೆ ನಿನಗೆ?”

“ಸುಮ್ಮನೆ ಕೇಳಿದೆ ಸರ್.”

“ಉತ್ತರದ್ದಕ್ಕೆ ಇಡೋಣ.”

ಮೇಸ್ತ್ರಿ ತಲೆಯಾಡಿಸಿ ಹೋದ. ಮೂರು ಗೋಡೆಗೆ ಒಂದಕ್ಕೆ ಆರು ಕಲಸಿದ. ಉತ್ತರದ ಗೋಡೆ ಎದೆಯೆತ್ತರಕ್ಕೆ ಬರುವಾಗ ಆಳುಗಳನ್ನು ಆಚೆ ಕಳಿಸಿ, ತಾನೇ ಒಂದಕ್ಕೆ ಇಪ್ಪತ್ತು ಕಲಸಿ ಆರು ಸಾಲು ಇಟ್ಟ. ನಾನು ಬೇರೆ ಕಡೆ ನೋಡುತ್ತಿದ್ದೆ.

ಈಗ ಹನ್ನೊಂದೂ ಆಸ್ಪತ್ರೆಗಳು ಕೆಲಸ ಮಾಡುತ್ತಿವೆ. ಜನರು ಚೆನ್ನಾಗಿ ಹೊಂದಿಕೊಂಡಿದ್ದಾರೆ. ಹೆಣ್ಣು ಕೊಡುವವರು ಹುಡುಗನ ಊರಿನಲ್ಲಿ ಆಸ್ಪತ್ರೆ ಇದೆಯೇ ಎಂದು ವಿಚಾರಿಸುತ್ತಾರೆ, ಇದೆ ಎಂದರೆ ಬೀರು ಯಾವ ಕಡೆ ಎಂದು ಕೇಳುತ್ತಾರೆ, ಮತ್ತು ಮದುವೆಯ ಇತರ ಸಾಮಾನಿನ ಜೊತೆಗೆ ಒಂದು ಉಳಿ, ಒಂದು ಸುತ್ತಿಗೆ ಕೊಟ್ಟು ಮಗಳನ್ನು ಕಳಿಸುತ್ತಾರೆ.